ಪಕ್ಕದ ಮನೆಯವರು ಒಪ್ಪುವುದಿಲ್ಲ

ಊರು ಬಿಟ್ಟು ಬಂದು ದೊಡ್ಡ ನಗರದಲ್ಲಿ ಬಾಡಿಗೆ ಮನೆ ಹುಡುಕಿದವರೆಲ್ಲ ಒಂದಲ್ಲ ಒಂದು ದಿನ ಈ ಮಾತನ್ನು ಕೇಳಿರುತ್ತಾರೆ: "ನಮಗೇನೂ ಅಭ್ಯಂತರವಿಲ್ಲ, ಆದರೆ ಪಕ್ಕದ ಮನೆಯವರು ಒಪ್ಪುವುದಿಲ್ಲ." ಹೇಳುವವರ ಮುಖದಲ್ಲಿ ಸಿಟ್ಟಿರುವುದಿಲ್ಲ. ಕೆಲವೊಮ್ಮೆ ಚಹಾ ಕೊಟ್ಟು, ಕುಶಲ ವಿಚಾರಿಸಿ, ನಿಜವಾಗಿಯೂ ಬೇಸರಪಟ್ಟುಕೊಂಡೇ ಹೇಳುತ್ತಾರೆ. ಮುಂಬಯಿಯಲ್ಲಿ ಆರು ವರ್ಷ, ದೆಹಲಿಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ನಾನು ಈ ವಾಕ್ಯವನ್ನು ಮರಾಠಿ, ಹಿಂದಿ, ಪಂಜಾಬಿ, ಇಂಗ್ಲಿಷ್ ಎಲ್ಲದರಲ್ಲೂ ಕೇಳಿದ್ದೇನೆ. ಕನ್ನಡದಲ್ಲೂ ಕೇಳಿದ್ದೇನೆ. ಇಷ್ಟು ವರ್ಷಗಳಲ್ಲಿ ಆ ಪಕ್ಕದ ಮನೆಯವರನ್ನು ಮಾತ್ರ ಒಮ್ಮೆಯೂ ಕಂಡಿಲ್ಲ.

ಜನಾಂಗದ್ವೇಷ ಎಂಬ ಪದ ಕೇಳಿದಾಗ ನಮ್ಮ ಕಣ್ಣಿಗೆ ಬರುವುದು ಬೇರೆ ದೇಶದ ಚಿತ್ರಗಳು. ಅಮೆರಿಕದ ಗುಲಾಮಗಿರಿ, ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ. ನಮ್ಮಲ್ಲಿ ಜಾತಿ ಇದೆ ಎಂದು ಒಪ್ಪಿಕೊಳ್ಳುತ್ತೇವೆ, ಆದರೆ ಚರ್ಮದ ಬಣ್ಣ, ಕಣ್ಣಿನ ಆಕಾರ, ಕೂದಲಿನ ಗುಂಗುರು ನೋಡಿ ಮನುಷ್ಯರನ್ನು ಅಳೆಯುವ ಅಭ್ಯಾಸ ನಮ್ಮದಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. "ನನ್ನ ಮನಸ್ಸಿನಲ್ಲಿ ಹಾಗೇನೂ ಇಲ್ಲಪ್ಪ" ಎಂದು ನಾವು ಪ್ರಾಮಾಣಿಕವಾಗಿಯೇ ಹೇಳುತ್ತೇವೆ. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು: ಯಾರ ಮನಸ್ಸಿನಲ್ಲೂ ಏನೂ ಇಲ್ಲದೆ ಇಷ್ಟೊಂದು ಬಾಗಿಲುಗಳು ಮುಚ್ಚುವುದು ಹೇಗೆ? ಪೂರ್ವಗ್ರಹ ಇರುವುದು ಮನಸ್ಸಿನಲ್ಲಿಯೇ ಅಥವಾ ಇನ್ನೆಲ್ಲಾದರೂ ಇದೆಯೇ?

ಮೊದಲು ನಮ್ಮ ಮಾತನ್ನೇ ನೋಡೋಣ. ಹೆಣ್ಣು ನೋಡಿ ಬಂದವರು ಹೇಳುವ ವಾಕ್ಯವೊಂದಿದೆ: "ಹುಡುಗಿ ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ." ಇದನ್ನು ಹೊಗಳಿಕೆ ಎಂದೇ ಹೇಳುತ್ತಾರೆ, ಹುಡುಗಿಯ ಮನೆಯವರೂ ಹಾಗೆಂದೇ ತೆಗೆದುಕೊಳ್ಳುತ್ತಾರೆ. ಆದರೆ ಇಡೀ ತೀರ್ಪು ಅಡಗಿರುವುದು 'ಇದ್ದರೂ' ಎಂಬುದರ ಕೊನೆಯ ದೀರ್ಘದಲ್ಲಿ. ಕಪ್ಪಗಿರುವುದಕ್ಕೂ ಲಕ್ಷಣಕ್ಕೂ ವಿರೋಧವಿದೆ, ಈಕೆ ಅದಕ್ಕೊಂದು ಅಪವಾದ ಎಂದು ಆ ಒಂದು ಪ್ರತ್ಯಯ ಹೇಳಿಬಿಡುತ್ತದೆ. ಆಡಿದವರಿಗೆ ತಾವು ಹಾಗೆ ಹೇಳಿದ್ದು ಗೊತ್ತೂ ಆಗುವುದಿಲ್ಲ. ಇದೇ ಅಚ್ಚಿನಲ್ಲಿ ಮುಂದಿನ ವಾಕ್ಯಗಳು ತಯಾರಾಗುತ್ತವೆ: "ನಾಗಾಲ್ಯಾಂಡಿನವರಾದರೂ ಮನೆ ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ." "ಆಫ್ರಿಕಾದವನಾದರೂ ಸಂಭಾವಿತ." ಇಂಥ ಮಾತು ಆಡುವವರು ಕೆಟ್ಟವರಲ್ಲ. ಭಾಷೆ ಅವರ ಬಾಯಲ್ಲಿ ತನ್ನ ಹಳೆಯ ಲೆಕ್ಕವನ್ನು ತಾನೇ ಹೇಳಿಕೊಳ್ಳುತ್ತದೆ, ಅಷ್ಟೆ.

ಅದೇ ಭಾಷೆಯಲ್ಲಿ ಇನ್ನೊಂದು ಲೆಕ್ಕವೂ ಇತ್ತು ಎಂಬುದನ್ನು ಮರೆಯಬಾರದು. ಕರಿಯಪ್ಪ, ಕರಿಬಸಪ್ಪ, ಕರೇಗೌಡ, ಕರಿಯಮ್ಮ ಇವೆಲ್ಲ ನಮ್ಮ ಹಳ್ಳಿಗಳ ಹೆಸರುಗಳು, ದೇವರ ಹೆಸರುಗಳು. ಕಪ್ಪು ಅಲ್ಲಿ ಕೊರತೆಯಲ್ಲ. ಆದರೆ 1975ರಲ್ಲಿ 'ಫೇರ್ ಅಂಡ್ ಲವ್ಲಿ' ಕ್ರೀಮು ಮಾರುಕಟ್ಟೆಗೆ ಬಂದಾಗ ಅದಕ್ಕೆ ಗಿರಾಕಿಗಳನ್ನು ಹುಡುಕಲು ಕಷ್ಟವಾಗಲಿಲ್ಲ. ಬೇಡಿಕೆ ಮೊದಲೇ ಸಿದ್ಧವಿತ್ತು. 2020ರಲ್ಲಿ, ಅಮೆರಿಕದ ಪ್ರತಿಭಟನೆಗಳ ಬಿಸಿ ತಟ್ಟಿದಾಗ, ಅದರ ಹೆಸರು 'ಗ್ಲೋ ಅಂಡ್ ಲವ್ಲಿ' ಆಯಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಮೈಬಣ್ಣದ ಪ್ರಕಾರ ವಧೂವರರನ್ನು ಸೋಸುವ ಸೌಲಭ್ಯವನ್ನು ತೆಗೆಯಿತು. ಹೆಸರು ಬದಲಾಯಿತು, ಸೋಸುವ ಗುಂಡಿ ಹೋಯಿತು. 'ಇದ್ದರೂ' ಎಂಬುದು ಎಲ್ಲಿತ್ತೋ ಅಲ್ಲೇ ಇದೆ.

ಆ 2020ರಲ್ಲೇ ನಡೆದ ಇನ್ನೊಂದು ಸಂಗತಿ ನನ್ನ ಪ್ರಶ್ನೆಗೆ ಹತ್ತಿರದ್ದು. ವೆಸ್ಟ್ ಇಂಡೀಸಿನ ನಾಯಕರಾಗಿದ್ದ ಡ್ಯಾರನ್ ಸ್ಯಾಮಿ ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಐಪಿಎಲ್ ತಂಡದಲ್ಲಿ ಆಡಿದ್ದರು. ಜೊತೆಯ ಆಟಗಾರರು ಅವರನ್ನು 'ಕಾಲೂ' ಎಂದು ಕರೆಯುತ್ತಿದ್ದರು. ಬಲಿಷ್ಠ ಎಂಬ ಅರ್ಥವಿರಬೇಕು ಎಂದುಕೊಂಡು ಅವರೂ ನಗುತ್ತಿದ್ದರು. ಆ ಪದದ ಅರ್ಥ ತಿಳಿದದ್ದು ಆರು ವರ್ಷಗಳ ನಂತರ. ಅವರಿಗೆ ಸಿಟ್ಟು ಬಂತು, ಬಹಿರಂಗವಾಗಿ ಕೇಳಿದರು. ಕೊನೆಗೆ ಹಳೆಯ ಸಹ ಆಟಗಾರನೊಬ್ಬನ ಜೊತೆ ಮಾತಾಡಿ, ಅವನು ಪ್ರೀತಿಯಿಂದಲೇ ಹಾಗೆ ಕರೆದದ್ದೆಂದು ತಮಗೆ ಮನವರಿಕೆಯಾಗಿದೆ ಎಂದರು.

ಈ ಪ್ರಸಂಗದಲ್ಲಿ ನಾವು ಎರಡು ಪ್ರಶ್ನೆಗಳನ್ನು ಒಂದಾಗಿ ಬೆರೆಸಿಬಿಡುತ್ತೇವೆ. ಕರೆದವನು ಎಂಥ ಮನುಷ್ಯ ಎಂಬುದು ಒಂದು. ಕರೆದ ಮಾತು ಏನು ಮಾಡಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ 'ಪ್ರೀತಿಯುಳ್ಳವನು' ಎಂದಾದ ಮಾತ್ರಕ್ಕೆ ಎರಡನೆಯದು ಮುಗಿದುಹೋಗುವುದಿಲ್ಲ. ತನ್ನ ಸುತ್ತಲಿನ ನಗೆಗೆ ತಾನೇ ಕಾರಣ ಎಂದು ಆರು ವರ್ಷ ಬಿಟ್ಟು ತಿಳಿಯುವವನಿಗೆ ಆಗುವ ಮುಜುಗರ, ಕರೆದವನ ಪ್ರೀತಿಯಿಂದ ತೊಳೆದು ಹೋಗುವಂಥದ್ದಲ್ಲ. ಕತ್ತಲಲ್ಲಿ ಯಾರದೋ ಕಾಲು ತುಳಿದಾಗ "ಬೇಕೆಂದು ತುಳಿಯಲಿಲ್ಲ" ಎನ್ನುತ್ತೇವೆ, ಸರಿಯೇ. ಆದರೆ ಹಾಗೆನ್ನುವಾಗ ಕಾಲನ್ನು ತೆಗೆದಿರುತ್ತೇವೆ. ತುಳಿದುಕೊಂಡೇ ನಿಂತು ನಮ್ಮ ಒಳ್ಳೆಯ ಉದ್ದೇಶವನ್ನು ವಿವರಿಸುವುದಿಲ್ಲ. ಜನಾಂಗದ ವಿಷಯ ಬಂದಾಗ ಮಾತ್ರ ನಾವು ವಿವರಣೆಯನ್ನೇ ಪರಿಹಾರ ಎಂದು ತಿಳಿಯುತ್ತೇವೆ.

ಹೊರನಾಡಿನ ಕನ್ನಡಿಗರಾದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕಿತ್ತು. ವಿಂಧ್ಯದ ಆಚೆ ನಾವೆಲ್ಲ 'ಮದ್ರಾಸಿ'ಗಳೇ. ಧಾರವಾಡದವನಿಗೂ ತಿರುನೆಲ್ವೇಲಿಯವನಿಗೂ ಒಂದೇ ಹೆಸರು, ಇಬ್ಬರೂ ದಿನಕ್ಕೆ ಮೂರು ಹೊತ್ತು ಇಡ್ಲಿ ತಿನ್ನುವವರು, ಇಬ್ಬರ ಮಾತೂ 'ಅಂಡುಗುಂಡು'. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಮುಂಬಯಿಯಲ್ಲಿ ಈ ಹೆಸರು ತಮಾಷೆಯಾಗಿ ಉಳಿಯಲಿಲ್ಲ. ಲುಂಗಿ ಉಟ್ಟವರನ್ನು ಓಡಿಸುವ ಘೋಷಣೆಗಳು ಕೇಳಿಬಂದವು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಮಾಟುಂಗದಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಹಿರಿಯರೊಬ್ಬರು ಆ ಕಾಲವನ್ನು ಕಂಡವರು. ಹೊರಗೆ ಹೋಗುವಾಗ ಪಂಚೆ ಬಿಟ್ಟು ಪ್ಯಾಂಟು ತೊಡುವ ಅಭ್ಯಾಸ ತಮಗೆ ಫ್ಯಾಷನ್ನಿಗಾಗಿ ಬಂದದ್ದಲ್ಲ ಎಂದು ಹೇಳುತ್ತಿದ್ದರು.

ಪೆಟ್ಟು ತಿಂದವನಿಗೆ ಪೆಟ್ಟಿನ ನೋವು ಗೊತ್ತು ಎನ್ನುತ್ತೇವೆ. ಗೊತ್ತಿರುವುದು ನಿಜ. ಆದರೆ ಆ ತಿಳಿವಳಿಕೆಯಿಂದ ಎರಡು ಪಾಠ ಕಲಿಯಬಹುದು. ಯಾರಿಗೂ ಹೀಗಾಗಬಾರದು ಎಂಬುದು ಒಂದು. ನನಗೆ ಹೀಗಾಗಬಾರದಿತ್ತು, ನಾನು ಅವರ ಸಾಲಿನವನಲ್ಲ ಎಂಬುದು ಇನ್ನೊಂದು. ಎರಡನೆಯ ಪಾಠ ಸುಲಭ. 'ಮದ್ರಾಸಿ' ಎಂದು ಕರೆಸಿಕೊಂಡ ನಮ್ಮವರೇ ಅದೇ ಉಸಿರಿನಲ್ಲಿ ಈಶಾನ್ಯದವರನ್ನು 'ಚಿಂಕಿ' ಎನ್ನುವುದನ್ನು, ಬಿಹಾರಿ ಎಂಬ ಪದವನ್ನು ಬೈಗುಳವಾಗಿ ಬಳಸುವುದನ್ನು ನಮ್ಮ ಹಬ್ಬದ ಊಟದ ಪಂಕ್ತಿಗಳಲ್ಲೇ ಕೇಳಬಹುದು.

ಈ ಎರಡನೆಯ ಪಾಠದ ಸೆಳೆತ ಎಷ್ಟು ಬಲವಾದದ್ದು ಎಂಬುದಕ್ಕೆ ಗಾಂಧೀಜಿಯವರ ಯೌವನದ ದಿನಗಳೇ ಸಾಕ್ಷಿ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ರೈಲು ನಿಲ್ದಾಣದಲ್ಲಿ ಅವರನ್ನು ಬಣ್ಣದ ಕಾರಣಕ್ಕೆ ಹೊರಗೆ ಹಾಕಿದ್ದು ನಮ್ಮ ಪ್ರತಿ ಪಠ್ಯಪುಸ್ತಕದಲ್ಲೂ ಇದೆ. ಆ ನಂತರದ ಕೆಲವು ವರ್ಷಗಳಲ್ಲಿ ಅವರು ಬರೆದದ್ದರಲ್ಲಿ, ಭಾರತೀಯರನ್ನು ಆಫ್ರಿಕನ್ನರ ಮಟ್ಟಕ್ಕೆ ಇಳಿಸಬೇಡಿ ಎಂಬ ವಾದವೂ ಆಫ್ರಿಕನ್ನರ ಬಗ್ಗೆ ಕೀಳಾದ ಮಾತುಗಳೂ ಇವೆ ಎಂಬುದು ಪಠ್ಯಪುಸ್ತಕದಲ್ಲಿ ಇಲ್ಲ. ಮುಂದೆ ಅವರು ಬೆಳೆದರು, ಬದಲಾದರು, ಅವರಿಂದ ಸ್ಫೂರ್ತಿ ಪಡೆದ ಆಫ್ರಿಕನ್ ನಾಯಕರೂ ಇದ್ದಾರೆ. ಆದರೂ 2016ರಲ್ಲಿ ಘಾನಾ ವಿಶ್ವವಿದ್ಯಾಲಯದ ಆವರಣದಲ್ಲಿ ನಿಲ್ಲಿಸಿದ ಅವರ ಪ್ರತಿಮೆಯನ್ನು ಅಲ್ಲಿನ ಅಧ್ಯಾಪಕರು, ವಿದ್ಯಾರ್ಥಿಗಳ ಒತ್ತಾಯದಿಂದ 2018ರ ಡಿಸೆಂಬರಿನಲ್ಲಿ ತೆಗೆಯಲಾಯಿತು. ಗಾಂಧಿಯನ್ನು ಸಣ್ಣವರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಅನ್ಯಾಯ ಅನುಭವಿಸುವುದು ಬೇರೆ, ಅನ್ಯಾಯದ ಪೂರ್ತಿ ಅಗಲವನ್ನು ಕಾಣುವುದು ಬೇರೆ. ಎರಡನೆಯದಕ್ಕೆ ಅವರಂಥವರಿಗೇ ವರ್ಷಗಳು ಬೇಕಾದವು.

ದೇಶಕ್ಕೂ ಇದೇ ಮಾತು ಅನ್ವಯಿಸುತ್ತದೆ. 1946ರಲ್ಲಿ, ಇನ್ನೂ ಸ್ವಾತಂತ್ರ್ಯ ಸಿಗುವ ಮೊದಲೇ, ದಕ್ಷಿಣ ಆಫ್ರಿಕಾದಲ್ಲಿರುವ ಭಾರತೀಯರ ಮೇಲಿನ ತಾರತಮ್ಯವನ್ನು ವಿಶ್ವಸಂಸ್ಥೆಗೆ ಒಯ್ದದ್ದು ಭಾರತ. 1965ರ ಜನಾಂಗೀಯ ತಾರತಮ್ಯ ನಿವಾರಣಾ ಒಡಂಬಡಿಕೆಯ ವ್ಯಾಖ್ಯೆಯಲ್ಲಿ ಜನಾಂಗ, ಬಣ್ಣಗಳ ಜೊತೆ 'ವಂಶ' ಎಂಬ ಪದವನ್ನು ಸೇರಿಸಬೇಕೆಂದು ಸೂಚಿಸಿದ್ದೂ ಭಾರತವೇ. 2001ರಲ್ಲಿ ಡರ್ಬಾನಿನ ಸಮ್ಮೇಳನದಲ್ಲಿ, ಜಾತಿ ಜನಾಂಗವಲ್ಲ, ಅದನ್ನು ಇಲ್ಲಿ ಚರ್ಚಿಸಬೇಕಿಲ್ಲ ಎಂದು ವಾದಿಸಿದ್ದೂ ಅದೇ ಭಾರತ. ಹೊರಗಿನವರ ಬಾಗಿಲು ಬಡಿಯುವಾಗ ನಮ್ಮ ಕೈ ಗಟ್ಟಿ. ನಮ್ಮ ಬಾಗಿಲನ್ನು ಯಾರಾದರೂ ಬಡಿದರೆ ಪಕ್ಕದ ಮನೆಯವರು ನೆನಪಾಗುತ್ತಾರೆ.

ಈಗ ದೆಹಲಿಯ ವಿಷಯಕ್ಕೆ ಬರುತ್ತೇನೆ. ಈಶಾನ್ಯ ರಾಜ್ಯಗಳಿಂದ ಓದಲು, ದುಡಿಯಲು ಬಂದವರು ಇಲ್ಲಿ ಬಹಳ ಇದ್ದಾರೆ. 2007ರಲ್ಲಿ ದೆಹಲಿ ಪೊಲೀಸರು ಅವರ ಸುರಕ್ಷತೆಗೆಂದು ಒಂದು ಕಿರುಹೊತ್ತಗೆ ತಂದರು. ಅದರಲ್ಲಿ ಬಟ್ಟೆ ಹೇಗಿರಬೇಕು ಎಂಬುದರ ಜೊತೆಗೆ, ಬಿದಿರಿನ ಕಳಲೆ, ಅಖುನಿ ಮುಂತಾದ ವಾಸನೆಯ ಅಡುಗೆ ಮಾಡಿ ನೆರೆಹೊರೆಯಲ್ಲಿ ಗಲಾಟೆಗೆ ಕಾರಣವಾಗಬೇಡಿ ಎಂಬ ಸಲಹೆಯೂ ಇತ್ತು. ಅಖುನಿ ಎಂದರೆ ನಾಗಾ ಜನರ ಹುಳಿ ಬರಿಸಿದ ಸೋಯಾ ಕಾಳು. ಅದು ನನಗೆ ಹೊಸದು. ಆದರೆ ಕಳಲೆ? ನಾನು ತೀರ್ಥಹಳ್ಳಿಯ ಕಡೆಯವನು. ಮಳೆಗಾಲ ಹಿಡಿದ ಮೇಲೆ ಬಿದಿರು ಮೆಳೆಯಿಂದ ಎಳೆಯ ಮೊಳಕೆ ತಂದು, ಸಿಪ್ಪೆ ಸುಲಿದು, ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ನೆನೆಹಾಕಿ ಮಾಡುವ ಕಳಲೆ ಪಲ್ಯ ಗೊತ್ತಿಲ್ಲದ ಮಲೆನಾಡಿನ ಮನೆಯಿಲ್ಲ. ದಕ್ಷಿಣ ಕನ್ನಡದಲ್ಲಿ ಅದು ಕಣಿಲೆ, ಕೊಡಗಿನಲ್ಲಿ ಬೈಂಬಳೆ. ಆ ನೆನೆಸಿದ ನೀರಿನ ವಾಸನೆಯೂ ನಮಗೆ ಗೊತ್ತು. ನಮ್ಮ ಅಡುಗೆಮನೆಯಲ್ಲಿ ಇದ್ದರೆ ಅದು ಆಷಾಢದ ಘಮ, ಅವರ ಒಲೆಯ ಮೇಲೆ ಇದ್ದರೆ ಪೊಲೀಸರಿಗೆ ಹೇಳುವ ದೂರು. ನಡುವೆ ಬದಲಾದದ್ದು ಅಡುಗೆ ಮಾಡಿದವರ ಮುಖ ಮಾತ್ರ.

ಅಡುಗೆಯ ವಿಷಯ ಸಣ್ಣದು ಎನ್ನಿಸಬಹುದು. 2012ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಿಂದಲೇ, ಮೊಬೈಲಿನಲ್ಲಿ ಹರಡಿದ ಸುಳ್ಳು ಸುದ್ದಿಗೆ ಹೆದರಿ, ಈಶಾನ್ಯದ ಸಾವಿರಾರು ಜನ ಸಿಕ್ಕ ರೈಲು ಹತ್ತಿ ಗುವಾಹಟಿಗೆ ಹೊರಟರು. ವಿಶೇಷ ರೈಲು ಬಿಡಬೇಕಾಯಿತು. ವರ್ಷಗಟ್ಟಲೆ ದುಡಿದ ಊರಿನಲ್ಲಿ, ಕಷ್ಟ ಬಂದರೆ ನನ್ನ ಪರವಾಗಿ ಪಕ್ಕದ ಮನೆಯವರು ನಿಲ್ಲುತ್ತಾರೆ ಎಂಬ ಭರವಸೆ ಇದ್ದಿದ್ದರೆ ಒಂದು ಎಸ್ಸೆಮ್ಮೆಸ್ಸಿಗೆ ಯಾರೂ ಊರು ಬಿಡುತ್ತಿರಲಿಲ್ಲ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ ನಗರದ ಅಂಗಡಿಯೊಂದರಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಕೂದಲಿನ ಬಗ್ಗೆ ಶುರುವಾದ ಗೇಲಿ ಹೊಡೆತಕ್ಕೆ ತಿರುಗಿ ಆತ ತೀರಿಕೊಂಡ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ, ಬೇರೆ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈಮಾಡಿತು. ಅಪಘಾತ ಮಾಡಿದವನೂ ಆಫ್ರಿಕಾದವನು ಎಂಬುದಷ್ಟೇ ಅವಳ ಸಂಬಂಧ. 2020ರ ಮಾರ್ಚಿನಲ್ಲಿ ಈಶಾನ್ಯದವರು ಬೀದಿಗೆ ಬಂದರೆ 'ಕೊರೊನಾ' ಎಂದು ಕೂಗಿದರು. ಪ್ರತಿ ಸಲವೂ ಮೊದಲು ಇದ್ದದ್ದು ಬರೀ ಮಾತು, ಬರೀ ತಮಾಷೆ.

ಎರಡು ವರ್ಷದ ಹಿಂದೆ ಈ ಪ್ರಶ್ನೆ ನಮ್ಮ ದ್ವಾರಕೆಯ ಹೌಸಿಂಗ್ ಸೊಸೈಟಿಯ ಸಭೆಯಲ್ಲೇ ಬಂದು ಕೂತಿತು. ಮಣಿಪುರದ ಅಕ್ಕ ತಂಗಿ ಇಬ್ಬರು ಎರಡನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಅಕ್ಕ ಆಸ್ಪತ್ರೆಯಲ್ಲಿ ನರ್ಸು, ತಂಗಿ ಪರೀಕ್ಷೆಗೆ ಓದುತ್ತಿದ್ದಳು. ಕರಾರು ಮುಂದುವರಿಸಲು ಸೊಸೈಟಿಯ ಎನ್‌ಓಸಿ ಬೇಕಿತ್ತು. ಅದನ್ನು ಕೊಡಬಾರದು, 'ಹಲವು ನಿವಾಸಿಗಳ ಆಕ್ಷೇಪವಿದೆ' ಎಂದು ಕಾರ್ಯದರ್ಶಿ ಓದಿದರು. ಆಕ್ಷೇಪಗಳು ಎರಡು: ಅಡುಗೆಯ ವಾಸನೆ, ಹೊತ್ತುಗೊತ್ತಿಲ್ಲದೆ ಬರುವುದು. ನಾನು ಸಮಿತಿಯ ಏಳು ಜನರಲ್ಲಿ ಒಬ್ಬ. ಆಕ್ಷೇಪ ಯಾರದ್ದು ಎಂದು ಕೇಳಿದೆ. ಕಾರ್ಯದರ್ಶಿಗಳಿಗೆ ಗೇಟಿನ ಕಾವಲಿನವನು ಹೇಳಿದ್ದ. ಅವನನ್ನು ಕರೆಸಿ ಕೇಳಿದರೆ, ಮೂರನೆಯ ಮಹಡಿಯ ಮೇಡಂ ಹೇಳಿದರು ಎಂದ. ಆಕೆ ಸಭೆಯಲ್ಲೇ ಇದ್ದರು. "ನನಗೆ ವೈಯಕ್ತಿಕವಾಗಿ ಏನೂ ಇಲ್ಲ ಜೀ, ಒಳ್ಳೆಯ ಹುಡುಗಿಯರು. ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು, ಅದಕ್ಕೇ ಹೇಳಿದೆ" ಎಂದರು. ಆ 'ಎಲ್ಲರೂ' ಯಾರೆಂದು ಕೇಳಿದಾಗ ಒಂದು ಹೆಸರೂ ಹೊರಬರಲಿಲ್ಲ. ಗೇಟಿನ ದಾಖಲೆ ಪುಸ್ತಕ ತರಿಸಿದೆವು. ರಾತ್ರಿ ಹನ್ನೊಂದರ ನಂತರ ಬರುವವರು ಬೇಕಾದಷ್ಟು ಜನ ಇದ್ದರು: ಗುರುಗ್ರಾಮದ ಕಂಪನಿಗಳ ಹುಡುಗರು, ಒಬ್ಬ ವೈದ್ಯರು, ಸಮಿತಿಯ ಅಧ್ಯಕ್ಷರ ಮಗ. ಅವರ ಬಗ್ಗೆ ಯಾರೂ ಮಾತಾಡಿಕೊಂಡಿರಲಿಲ್ಲ.

ಆ ದಿನ ನನಗೆ ಪಕ್ಕದ ಮನೆಯವರ ಗುಟ್ಟು ಹೊಳೆಯಿತು. ಪೂರ್ವಗ್ರಹ ಯಾರ ಮನಸ್ಸಿನಲ್ಲೂ ಇರಬೇಕಾಗಿಯೇ ಇಲ್ಲ. 'ಬೇರೆಯವರ ಮನಸ್ಸಿನಲ್ಲಿ ಇದೆ' ಎಂದು ಪ್ರತಿಯೊಬ್ಬರೂ ನಂಬಿದರೆ ಸಾಕು, ಅದು ತನ್ನ ಕೆಲಸ ಮಾಡಿ ಮುಗಿಸುತ್ತದೆ. ನಾನು ಪಕ್ಕದವನಿಗೆ ಹೆದರುತ್ತೇನೆ, ಪಕ್ಕದವನು ನನಗೆ ಹೆದರುತ್ತಾನೆ, ಇಬ್ಬರ ನಡುವೆ ಒಬ್ಬರಿಗೆ ಮನೆ ಸಿಗುವುದಿಲ್ಲ.

ಇದು ನನ್ನ ಶೋಧನೆಯೇನಲ್ಲ. ನೂರು ವರ್ಷಕ್ಕೂ ಹಿಂದೆ ಅಂಬೇಡ್ಕರರು ಇದನ್ನು ಮೈಮೇಲೆ ಅನುಭವಿಸಿದ್ದರು. 1917ರಲ್ಲಿ, ಅಮೆರಿಕದ ಕೊಲಂಬಿಯಾದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಅವರಿಗೆ ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಆ ಸಂಜೆ ಅವರು ಇಬ್ಬರು ಸ್ನೇಹಿತರ ಬಳಿ ಹೋದದ್ದನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಆತ್ಮಕಥನದಲ್ಲಿ ಬರೆದಿದ್ದಾರೆ. ಹಿಂದೂ ಸ್ನೇಹಿತ, ನೀವು ಬಂದರೆ ನಮ್ಮ ಮನೆಯ ಆಳುಗಳು ಬಿಟ್ಟು ಹೋಗುತ್ತಾರೆ ಎಂದರು. ಕ್ರೈಸ್ತ ಸ್ನೇಹಿತ, ಹೆಂಡತಿ ಊರಿನಿಂದ ಬರಲಿ, ಅವಳನ್ನು ಕೇಳಬೇಕು ಎಂದರು. ದೊಣ್ಣೆ ಹಿಡಿದವರನ್ನು ಎಲ್ಲರೂ ಖಂಡಿಸುತ್ತೇವೆ. ನನ್ನನ್ನು ಹೆಚ್ಚು ಕಾಡುವುದು ಆ ಇಬ್ಬರು ಸ್ನೇಹಿತರು. ಇಬ್ಬರೂ ಒಳ್ಳೆಯವರು. ಒಬ್ಬರಿಗೆ ಆಳುಗಳು, ಇನ್ನೊಬ್ಬರಿಗೆ ಹೆಂಡತಿ, ನಮಗೆ ಪಕ್ಕದ ಮನೆಯವರು.

ಹಾಗಾದರೆ ಸಮಾನತೆಯನ್ನು ತರುವುದು ಹೇಗೆ? ಮನಸ್ಸು ಶುದ್ಧವಾಗಲಿ, ಮಿಕ್ಕದ್ದು ತಾನೇ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮನಸ್ಸು ಶುದ್ಧವಾಗುವುದು ಒಳ್ಳೆಯದೇ. ಆದರೆ ಪೂರ್ವಗ್ರಹ ಮನಸ್ಸಿಗಿಂತ ಹೆಚ್ಚಾಗಿ ನಮ್ಮ ವ್ಯವಸ್ಥೆಯ ಸಂದಿಗಳಲ್ಲಿ ಇರುವಾಗ, ಎಲ್ಲರ ಮನಸ್ಸು ತೊಳೆಯುವವರೆಗೆ ಕಾಯುವುದು ಕಾಯದಿದ್ದಂತೆಯೇ. ಆ ಸಂದಿಗಳನ್ನು ಮುಚ್ಚುವ ಕೆಲಸ ಇಂದೇ ಮಾಡಬಹುದು. ಆ ಸಭೆಯಲ್ಲಿ ನಾನು ಭಾಷಣ ಮಾಡಲಿಲ್ಲ. ಯಾರನ್ನೂ ಜನಾಂಗದ್ವೇಷಿ ಎನ್ನಲಿಲ್ಲ, ಎಂದಿದ್ದರೆ ಮಾತು ಅಲ್ಲೇ ಮುರಿಯುತ್ತಿತ್ತು. ಮೂರು ನಿಯಮ ಸೂಚಿಸಿದೆ. ದೂರು ಕೊಡುವವರು ತಮ್ಮದೇ ದೂರನ್ನು ಬರೆದು ಸಹಿ ಹಾಕಬೇಕು, ಬೇರೆಯವರ ಪರವಾಗಿ ಹೇಳುವಂತಿಲ್ಲ. ದೂರಿನಲ್ಲಿ ಆದ ಕೃತ್ಯ ಮತ್ತು ದಿನ ಇರಬೇಕು, ಎಂಥ ಜನ ಎಂಬುದು ಇರಕೂಡದು. ಬಾಡಿಗೆದಾರರಿಗೆ ಕೇಳುವ ಕಾಗದಪತ್ರ, ಇಡಿಸಿಕೊಳ್ಳುವ ಮುಂಗಡ ಎಲ್ಲರಿಗೂ ಒಂದೇ ಇರಬೇಕು. ನಾಲ್ಕಕ್ಕೆ ಮೂರು ಮತದಿಂದ ಅವು ಒಪ್ಪಿಗೆಯಾದವು. ಸಹಿ ಹಾಕುವ ದೂರು ಒಂದೂ ಬರಲಿಲ್ಲ. ಹನ್ನೊಂದು ತಿಂಗಳಿಗೆ ಎನ್‌ಓಸಿ ಸಿಕ್ಕಿತು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಲಿಲ್ಲ. ಹನ್ನೊಂದು ತಿಂಗಳ ನಂತರ ಆ ಹುಡುಗಿಯರು ತಾವಾಗಿಯೇ ಮನೆ ಬಿಟ್ಟು, ಈಶಾನ್ಯದವರು ಹೆಚ್ಚಾಗಿರುವ ಹುಮಾಯೂನ್‌ಪುರಕ್ಕೆ ಹೋದರು. ಅಲ್ಲಿ ಬಾಡಿಗೆ ಹೆಚ್ಚು, ಮನೆ ಚಿಕ್ಕದು. ಯಾಕಮ್ಮ ಎಂದು ಕೇಳಿದ್ದಕ್ಕೆ ಅಕ್ಕ ಹೇಳಿದಳು: "ಇಲ್ಲಿ ಯಾರೂ ಏನೂ ಅನ್ನಲಿಲ್ಲ ಅಂಕಲ್. ಆದರೆ ದಿನಾ ಲಿಫ್ಟಿನಲ್ಲಿ ಒಳ್ಳೆಯವರಾಗಿ ಇರಬೇಕಾಗುತ್ತದೆ. ಡ್ಯೂಟಿ ಮುಗಿಸಿ ಬಂದಾಗ ಸುಸ್ತಾಗಿರುತ್ತೆ."

ಸಮಾನತೆ ಎಂದರೇನು ಎಂಬುದಕ್ಕೆ ನಾನು ಓದಿದ ಪುಸ್ತಕಗಳಿಗಿಂತ ಈ ಮಾತು ಹತ್ತಿರದ್ದೆನಿಸಿತು. ಒಳಗೆ ಬಿಟ್ಟುಕೊಳ್ಳುವುದು ಸಮಾನತೆಯ ಮೊದಲ ಮೆಟ್ಟಿಲು. ಬಿಟ್ಟುಕೊಂಡದ್ದಕ್ಕೆ ಅವರು ನಿತ್ಯ ಋಣಿಯಾಗಿರಬೇಕಿಲ್ಲ ಎನ್ನುವುದು ಮುಂದಿನದು. ನಾನು ಲಿಫ್ಟಿನಲ್ಲಿ ಮುಖ ಗಂಟಿಕ್ಕಿ ನಿಂತರೆ ನಾನೊಬ್ಬ ಸಿಡುಕ ಎಂದಷ್ಟೇ ಅರ್ಥ. ಅವಳು ಹಾಗೆ ನಿಂತರೆ ಒಂದಿಡೀ ರಾಜ್ಯದ ಜನ ಸಿಡುಕರಾಗುತ್ತಾರೆ. ತನ್ನ ಒಬ್ಬಳ ನಡತೆಗೆ ಮಾತ್ರ ತಾನು ಹೊಣೆಯಾಗುವ ಹಕ್ಕು, ಒಂದು ದಿನ ಕೆಟ್ಟ ಮೂಡಿನಲ್ಲಿರುವ ಹಕ್ಕು ನಮಗೆ ಎಷ್ಟು ಸಹಜವಾಗಿ ಸಿಕ್ಕಿದೆಯೆಂದರೆ ಅದೊಂದು ಹಕ್ಕು ಎಂದೇ ನಮಗೆ ಗೊತ್ತಿಲ್ಲ.

ಕಾನೂನು ಏನು ಮಾಡುತ್ತಿದೆ ಎಂದು ಕೇಳಬಹುದು. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜನಾಂಗ, ಜಾತಿ, ಹುಟ್ಟಿದ ಊರಿನ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎನ್ನುತ್ತದೆ. ಆ ಪಟ್ಟಿಯಲ್ಲಿ ಬಾಡಿಗೆ ಮನೆ ಇಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದರ ಮೊಕದ್ದಮೆಯಲ್ಲಿ, ಸಹಕಾರ ಸಂಘವು ತನ್ನ ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸಬಹುದು ಎಂದು ಸುಪ್ರೀಂ ಕೋರ್ಟು ಹೇಳಿತು. ಲಾಜಪತ ನಗರದ ಸಾವಿನ ನಂತರ ನೇಮಕವಾದ ಬೆಜ್‌ಬರುವಾ ಸಮಿತಿ 2014ರಲ್ಲೇ ವರದಿ ಕೊಟ್ಟು, ಜನಾಂಗದ ಹೆಸರಿನಲ್ಲಿ ಅವಮಾನಿಸುವುದನ್ನು ಅಪರಾಧವಾಗಿಸಲು ದಂಡಸಂಹಿತೆಗೆ 153ಸಿ ಮತ್ತು 509ಎ ಎಂಬ ಕಲಮುಗಳನ್ನು ಸೇರಿಸಲು ಸೂಚಿಸಿತ್ತು. ಶಾಲೆಯ ಪಾಠಗಳಲ್ಲಿ ಈಶಾನ್ಯದ ಇತಿಹಾಸ ಬರಬೇಕು ಎಂದೂ ಹೇಳಿತ್ತು. ದಂಡಸಂಹಿತೆಯೇ ಹೋಗಿ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಬಂತು. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಭಾಷೆ ಮುಂತಾದ ಕಾರಣಕ್ಕೆ ಕೊಲೆ ಮಾಡಿದರೆ ಅದರಲ್ಲಿ ಪ್ರತ್ಯೇಕ ಶಿಕ್ಷೆಯಿದೆ. ಕೊಲೆಗೆ ಮೊದಲಿನ ಗೇಲಿಗೆ ಸಮಿತಿ ಸೂಚಿಸಿದಂಥ ಪ್ರತ್ಯೇಕ ಕಲಮು ಬರಲಿಲ್ಲ. ಕಾನೂನು ಬೇಕು, ಬರಲಿ. ಆದರೆ ಲಿಫ್ಟಿನೊಳಗೆ ಕಾನೂನು ಬರುವುದಿಲ್ಲ, ಅಲ್ಲಿ ನಾವೇ ಇರುತ್ತೇವೆ.

ಎಲ್ಲರನ್ನೂ ಒಂದೇ ರೀತಿ ಕಂಡರೆ ಸಾಕಲ್ಲವೇ, ಇನ್ನೂ ಹೆಚ್ಚಿನದೇಕೆ ಎಂಬ ಪ್ರಶ್ನೆಯೂ ಇದೆ. ಇದಕ್ಕೆ ಉತ್ತರ ನಮ್ಮ ಉತ್ತರ ಕನ್ನಡದ ಕಾಡಿನಲ್ಲಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳಲ್ಲಿ ಬದುಕುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು. ಪೋರ್ತುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು ಕಾಡು ಸೇರಿದವರು ಅವರಲ್ಲಿ ಅನೇಕರು. ಅವರ ಮಾತು ಕೊಂಕಣಿ, ಕನ್ನಡ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಇಷ್ಟು ತಲೆಮಾರು ಕಳೆದರೂ ಅವರಲ್ಲೊಬ್ಬ ಬೆಂಗಳೂರಿಗೆ ಬಂದು ಕನ್ನಡದಲ್ಲಿ ವಿಳಾಸ ಕೇಳಿದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, "ಯಾವ ದೇಶ?" ಎಂಬ ಪ್ರಶ್ನೆಯ ಜೊತೆ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟಿತು, ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಆ ಅವಕಾಶದಿಂದ ಕೆಲವರ ಬದುಕು ಬದಲಾದದ್ದು ನಿಜ. ಆದರೆ 'ಇವರು ಓಡಲು ಹುಟ್ಟಿದವರು' ಎಂಬ ಹೊಗಳಿಕೆಯಲ್ಲೂ ನಮ್ಮ ಹಳೆಯ ಪ್ರತ್ಯಯ ಅಡಗಿದೆ. ಅವರಲ್ಲೊಬ್ಬ ಮಗು ಗಣಿತಕ್ಕೆ ಹುಟ್ಟಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ ಮೇಲೆ ಓದು, ಉದ್ಯೋಗದ ದಾರಿ ಸ್ವಲ್ಪ ತೆರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಶಾಸನಸಭೆಗೆ ಬಂದ ಮೊದಲಿಗರು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದರೆ ಸಾಲದು. ಕೆಲವರ ಮನೆಯಿಂದ ಆ ಬಾಗಿಲಿನವರೆಗೆ ರಸ್ತೆಯೇ ಇರುವುದಿಲ್ಲ. ರಸ್ತೆ ಮಾಡುವುದೂ ನ್ಯಾಯದ ಕೆಲಸವೇ, ಅದು ದಾನವಲ್ಲ.

ನನ್ನ ಸ್ನೇಹಿತರು ಇದಕ್ಕೆ ಎರಡು ಆಕ್ಷೇಪ ಎತ್ತುತ್ತಾರೆ. ಹೀಗೆ ಪ್ರತಿ ಮಾತನ್ನೂ ತೂಗಿದರೆ ನಗುವುದೇ ಕಷ್ಟವಾಗುತ್ತದೆ ಎಂಬುದು ಒಂದು. ನಗು ನಿಲ್ಲಬೇಕಿಲ್ಲ. ಅವರು ಅಷ್ಟೇ ಸಲೀಸಾಗಿ ತಿರುಗಿ ನಮ್ಮನ್ನು ನೋಡಿ ನಗಬಹುದಾದರೆ ಅದು ತಮಾಷೆ. ಅವರು ನಗಲು ಹೋಗಿ ಕೆಲಸ, ಮನೆ ಅಥವಾ ಜೀವ ಕಳೆದುಕೊಳ್ಳುವುದಾದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕು. ಎರಡನೆಯದು, ಅವರಲ್ಲೂ ನಮ್ಮ ಬಗ್ಗೆ ಪೂರ್ವಗ್ರಹವಿದೆ, ಶಿಲ್ಲಾಂಗಿನಲ್ಲಿ ಹೊರಗಿನವರನ್ನು 'ದಖಾರ್' ಎನ್ನುವುದಿಲ್ಲವೇ ಎಂಬುದು. ಇದೆ, ಅಲ್ಲಗಳೆಯುವುದಿಲ್ಲ. ಮನುಷ್ಯರಿರುವ ಕಡೆಯೆಲ್ಲ ಇದೆ. ಆದರೆ ಅವರವರ ಊರಿನಲ್ಲಿ ಬೀಗದ ಕೈ ಯಾರ ಬಳಿ ಇರುತ್ತದೋ ಹೊಣೆ ಅವರದ್ದು ಹೆಚ್ಚು. ಶಿಲ್ಲಾಂಗಿನ ಬಾಗಿಲಿಗೆ ಅವರು ಉತ್ತರ ಕೊಡಲಿ, ದ್ವಾರಕೆಯ ಬಾಗಿಲಿಗೆ ನಾನು ಕೊಡಬೇಕು.

ನಾವು, ಊರು ಬಿಟ್ಟ ಕನ್ನಡಿಗರು, ಈಗ ಈ ನಗರಗಳಲ್ಲಿ ಬರೀ ಬಾಡಿಗೆದಾರರಲ್ಲ. ನಮ್ಮಲ್ಲಿ ಅನೇಕರಿಗೆ ಸ್ವಂತ ಮನೆಯಿದೆ, ಸಂಘಗಳಿವೆ, ಸೊಸೈಟಿಯ ಸಮಿತಿಗಳಲ್ಲಿ ಕುರ್ಚಿಯಿದೆ, ಕಚೇರಿಯಲ್ಲಿ ನೌಕರಿಗೆ ಆರಿಸುವ ಅಧಿಕಾರವಿದೆ. ನಲವತ್ತು ವರ್ಷದ ಹಿಂದೆ ನಮ್ಮ ಹಿರಿಯರು ಯಾರ ಪಕ್ಕದ ಮನೆಗೆ ಹೆದರಿದ್ದರೋ ಆ ಪಕ್ಕದ ಮನೆ ಈಗ ನಮ್ಮದು. ಮುಂದಿನ ಸಲ ಯಾರಾದರೂ ಮನೆ ಕೇಳಿಕೊಂಡು ಬಂದಾಗ, ಏಜೆಂಟ್ ಫೋನು ಮಾಡಿ "ಸಾರ್, ಪಾರ್ಟಿ ಮಿಜೋರಾಮಿನವರು, ನಿಮ್ಮ ಅಕ್ಕಪಕ್ಕದವರಿಗೆ ಪರವಾಗಿಲ್ಲ ತಾನೆ?" ಎಂದು ಕೇಳುತ್ತಾನೆ. ಅಕ್ಕಪಕ್ಕದವರನ್ನು ಕೇಳಲು ಹೋಗಬೇಡಿ. ಬಾಡಿಗೆ ಎಷ್ಟು, ಯಾವ ತಾರೀಕಿನಿಂದ ಎಂದು ಕೇಳಿ. ಬೇರೆ ಯಾರಿಗಾದರೂ ಅಷ್ಟನ್ನೇ ಕೇಳುತ್ತಿದ್ದಿರಿ.